ಕಲ್ಲು ಉರುಳಿತ್ತೇ ಎಂದು ಕೇಳುವುದು ತಪ್ಪಲ್ಲ

ಯೇಸು ಸತ್ತ ಮೂರನೇ ದಿನ ನಿಜವಾಗಿಯೂ ಎದ್ದು ಬಂದರೇ? ಈಸ್ಟರ್ ಹತ್ತಿರವಾದಾಗ ನಮ್ಮ ಹಾಸ್ಟೆಲಿನಲ್ಲಿ ಈ ಪ್ರಶ್ನೆ ಒಮ್ಮೆಯಾದರೂ ಏಳುತ್ತದೆ. ಆದರೆ ಯಾರೂ ಕೂತು ಮಾತಾಡುವುದಿಲ್ಲ. ‘ಬೈಬಲಿನಲ್ಲಿ ಬರೆದಿದೆ, ಮುಗೀತು’ ಎನ್ನುವವರು ಒಂದು ಕಡೆ. ‘ಸತ್ತೋರೇ ಎದ್ದು ಬರ್ತಾರೆ ಅಂದ್ರೆ ನನ್ನ ಮ್ಯಾಥ್ಸ್ ಬ್ಯಾಕ್ ಕ್ಲಿಯರ್ ಆಗೋದೇನು ಮಹಾ ಬಿಡೇ’ ಎಂದು ನಗುವವರು ಇನ್ನೊಂದು ಕಡೆ. ಇಬ್ಬರಿಗೂ ಎರಡೇ ನಿಮಿಷದಲ್ಲಿ ಉತ್ತರ ಸಿಕ್ಕಿಬಿಡುತ್ತದೆ. ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, ಭಾನುವಾರ ತಪ್ಪದೆ ಪೂಜೆಗೆ ಹೋಗುವ, ವಾರದ ಉಳಿದ ದಿನ ಸರ್ಕ್ಯೂಟು, ಸಿಗ್ನಲ್ಲುಗಳ ನಡುವೆ ಇರುವ ನನಗೆ ಮಾತ್ರ ಅಷ್ಟು ಸುಲಭವಾಗಿ ಸಿಕ್ಕಿಲ್ಲ. ಸಿಗಬಾರದು ಕೂಡ ಎಂಬುದು ನನ್ನ ಅಭಿಪ್ರಾಯ.

ಮೊದಲು ಪದವನ್ನು ಸರಿ ಮಾಡಿಕೊಳ್ಳೋಣ. ಕನ್ನಡದಲ್ಲಿ ನಾವು ‘ಪುನರುತ್ಥಾನ’ ಎಂದ ಕೂಡಲೇ ಅನೇಕ ಗೆಳೆಯರು ‘ಪುನರ್ಜನ್ಮ’ ಎಂದು ಕೇಳಿಸಿಕೊಳ್ಳುತ್ತಾರೆ. ಎರಡೂ ಬೇರೆ. ಪುನರ್ಜನ್ಮದಲ್ಲಿ ಜೀವ ಹಳೆಯ ದೇಹವನ್ನು ಬಿಟ್ಟು ಹೊಸದನ್ನು ಹಿಡಿಯುತ್ತದೆ. ಪುನರುತ್ಥಾನದಲ್ಲಿ ಸತ್ತ ವ್ಯಕ್ತಿಯೇ ಏಳುತ್ತಾನೆ. ಯೋಹಾನನ ಸುವಾರ್ತೆಯ ಲಾಜರನಂತೆ ಎದ್ದು, ಮುಂದೊಂದು ದಿನ ಮತ್ತೆ ಸಾಯುವುದೂ ಅಲ್ಲ. ಇನ್ನು ಸಾವೇ ಮುಟ್ಟದಂತೆ ಏಳುವುದು. ಕ್ರೈಸ್ತ ಸಭೆ ಹೇಳುವುದು ಇಷ್ಟು ದೊಡ್ಡ ಮಾತನ್ನು. ದೊಡ್ಡ ಮಾತಿಗೆ ದೊಡ್ಡ ಪ್ರಶ್ನೆ ಬಂದರೆ ಅಚ್ಚರಿಯೇನಿಲ್ಲ.

ಗ್ರಂಥ ಏನು ಹೇಳುತ್ತದೆ?

ಈ ವಿಷಯವನ್ನು ವಿವರವಾಗಿ ಹೇಳುವ, ನಮಗೆ ಸಿಗುವ ಅತಿ ಹಳೆಯ ಬರಹ ನಾಲ್ಕು ಸುವಾರ್ತೆಗಳಲ್ಲ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರ. ಅದು ಬರೆದದ್ದು ಕ್ರಿ.ಶ. 50ರ ದಶಕದ ನಡುವೆ, ಶಿಲುಬೆಯ ಘಟನೆಯಾಗಿ ಸುಮಾರು 20-25 ವರ್ಷಕ್ಕೆ. ಅದರ 15ನೇ ಅಧ್ಯಾಯದಲ್ಲಿ ಯೇಸು ಯಾರಿಗೆಲ್ಲ ಕಾಣಿಸಿಕೊಂಡರೆಂಬ ಪಟ್ಟಿ ಇದೆ. ಪೇತ್ರ, ಹನ್ನೆರಡು ಮಂದಿ, ಒಟ್ಟಿಗೇ 500ಕ್ಕೂ ಹೆಚ್ಚು ಜನ, ಯಾಕೋಬ, ಪ್ರೇಷಿತರೆಲ್ಲರು, ಕೊನೆಗೆ ಪೌಲ. ಇದು ತನಗೂ ಇತರರಿಂದ ಬಂದದ್ದು ಎಂದು ಪೌಲನೇ ಹೇಳುತ್ತಾನೆ. ಹಾಗಾಗಿ ಈ ನಂಬಿಕೆ ನೂರಾರು ವರ್ಷಗಳ ನಂತರ ಯಾರೋ ಕಟ್ಟಿದ ಕಥೆ ಎನ್ನುವ ಹಾಸ್ಟೆಲ್ ವಾದ ನಿಲ್ಲುವುದಿಲ್ಲ. ಶಿಷ್ಯರಲ್ಲಿ ಅದು ಬಹುಬೇಗ ಹುಟ್ಟಿತ್ತು ಎಂಬುದನ್ನು ನಂಬದ ವಿದ್ವಾಂಸರೂ ಒಪ್ಪುತ್ತಾರೆ.

ಆದರೆ ಅದೇ ಪಟ್ಟಿ ಅಕ್ಷರಶಃ ನಂಬುವವರಿಗೂ ಒಂದು ತೊಡಕು ತರುತ್ತದೆ. ಪೇತ್ರನಿಗೆ ‘ಕಾಣಿಸಿಕೊಂಡದ್ದಕ್ಕೆ’ ಬಳಸಿದ ಕ್ರಿಯಾಪದವನ್ನೇ ಪೌಲ ತನಗೂ ಬಳಸುತ್ತಾನೆ. ಪೌಲನಿಗೆ ದಮಸ್ಕದ ದಾರಿಯಲ್ಲಿ ಆದದ್ದು, ಪ್ರೇಷಿತರ ಕಾರ್ಯಕಲಾಪಗಳ ಪ್ರಕಾರ, ಒಂದು ಬೆಳಕು ಮತ್ತು ಒಂದು ದನಿ. ಮುಟ್ಟುವಂಥ ದೇಹ ಅಲ್ಲಿಲ್ಲ. ಹಾಗಾದರೆ ಉಳಿದವರು ಕಂಡದ್ದೂ ದರ್ಶನವೇ ಎಂದು ಸಂದೇಹವಾದಿ ಕೇಳುತ್ತಾನೆ. ಇಲ್ಲ, ಲೂಕನಲ್ಲಿ ಯೇಸು ಸುಟ್ಟ ಮೀನಿನ ತುಂಡನ್ನು ಶಿಷ್ಯರೆದುರೇ ತಿನ್ನುತ್ತಾರಲ್ಲ ಎಂದು ನಂಬುವವನು ಉತ್ತರಿಸುತ್ತಾನೆ. ಎರಡೂ ಬೈಬಲಿನಲ್ಲೇ ಇವೆ.

ಸುವಾರ್ತೆಗಳಿಗೆ ಬಂದರೆ, ಎಲ್ಲಕ್ಕಿಂತ ಹಳೆಯದು ಮಾರ್ಕನದು ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 4ನೇ ಶತಮಾನದ ಎರಡು ಪ್ರಸಿದ್ಧ ಹಸ್ತಪ್ರತಿಗಳಲ್ಲಿ ಈ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೇ ನಿಂತುಬಿಡುತ್ತದೆ. ಹೆಂಗಸರು ಬರಿದಾದ ಸಮಾಧಿ ಕಂಡು ನಡುಗಿ ಓಡುತ್ತಾರೆ, ಭಯದಿಂದ ಯಾರಿಗೂ ಏನೂ ಹೇಳುವುದಿಲ್ಲ. ಎದ್ದ ಯೇಸು ಆ ಪ್ರತಿಗಳಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಮುಂದಿನ 12 ವಚನಗಳನ್ನು ಆಮೇಲೆ ಸೇರಿಸಲಾಗಿದೆ ಎಂಬುದು ಬಹುಪಾಲು ವಿದ್ವಾಂಸರ ನಿಲುವು. ಇಂದಿನ ಎಷ್ಟೋ ಬೈಬಲ್ ಆವೃತ್ತಿಗಳು ಇದನ್ನು ಅಡಿಟಿಪ್ಪಣಿಯಲ್ಲೇ ಮುದ್ರಿಸುತ್ತವೆ.

ಉಳಿದ ವಿವರಗಳೂ ಹೊಂದುವುದಿಲ್ಲ. ಸಮಾಧಿಗೆ ಹೋದ ಹೆಂಗಸರು ಮಾರ್ಕನಲ್ಲಿ ಮೂವರು, ಮತ್ತಾಯನಲ್ಲಿ ಇಬ್ಬರು. ಯೋಹಾನ ಹೆಸರಿಸುವುದು ಮಗ್ದಲದ ಮರಿಯಳೊಬ್ಬಳನ್ನೇ. ದೇವದೂತ ಮತ್ತಾಯನಲ್ಲಿ ಒಬ್ಬ, ಯೋಹಾನನಲ್ಲಿ ಇಬ್ಬರು. ಶಿಷ್ಯರಿಗೆ ಕಾಣಿಸಿಕೊಂಡದ್ದು ಮತ್ತಾಯನಲ್ಲಿ ಗಲಿಲೇಯದಲ್ಲಿ, ಲೂಕನಲ್ಲಿ ಜೆರುಸಲೇಮಿನ ಆಸುಪಾಸಿನಲ್ಲಿ. ‘ಒಂದೇ ಅಪಘಾತವನ್ನು ನಾಲ್ವರು ಕಂಡರೆ ನಾಲ್ಕು ಥರ ಹೇಳುತ್ತಾರೆ, ಅಪಘಾತ ಸುಳ್ಳಾಗುತ್ತದೆಯೇ?’ ಎಂಬ ಉತ್ತರ ನಮ್ಮ ಧರ್ಮೋಪದೇಶ ತರಗತಿಯಲ್ಲಿ ಸಿಗುತ್ತದೆ. ಉತ್ತರ ಚೆನ್ನಾಗಿದೆ. ಆದರೆ ಮತ್ತಾಯ ಮತ್ತು ಲೂಕ ಇಬ್ಬರೂ ಮಾರ್ಕನ ಬರಹವನ್ನು ಮುಂದಿಟ್ಟುಕೊಂಡೇ ಬರೆದರು ಎಂದು ಹೆಚ್ಚಿನ ಸಂಶೋಧಕರು ಹೇಳುತ್ತಾರೆ. ಒಂದೇ ಲ್ಯಾಬ್ ರೆಕಾರ್ಡನ್ನು ನೋಡಿ ಬರೆದವರನ್ನು ಪ್ರತ್ಯೇಕ ಪ್ರಯೋಗ ಮಾಡಿದವರೆಂದು ಎಣಿಸಲಾಗದು, ಅಲ್ಲವೇ?

ಹೆಣ್ಣಾಗಿ ನನಗೆ ಕುತೂಹಲ ಹುಟ್ಟಿಸುವುದು ಇನ್ನೊಂದು ಸಂಗತಿ. ನಾಲ್ಕೂ ಸುವಾರ್ತೆಗಳಲ್ಲಿ ಮೊದಲು ಸಮಾಧಿಗೆ ಹೋದವರು ಹೆಂಗಸರು. ಅವರ ಮಾತು ಶಿಷ್ಯರಿಗೆ ಬರೀ ಹರಟೆಯಂತೆ ಕಂಡಿತು ಎಂದು ಲೂಕ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಹೆಣ್ಣಿನ ಸಾಕ್ಷ್ಯಕ್ಕೆ ಬೆಲೆ ಕಡಿಮೆಯಿದ್ದ ಕಾಲದಲ್ಲಿ ಕಥೆ ಕಟ್ಟುವವರು ಹೆಂಗಸರನ್ನು ಸಾಕ್ಷಿಯಾಗಿ ನಿಲ್ಲಿಸುತ್ತಿದ್ದರೇ ಎಂಬುದು ನಂಬುವವರ ವಾದಗಳಲ್ಲಿ ಗಟ್ಟಿಯಾದದ್ದು. ಆದರೆ ಪೌಲನ ಪಟ್ಟಿಯನ್ನು ಮತ್ತೆ ಓದಿ. ಅಲ್ಲಿ ಒಬ್ಬ ಹೆಣ್ಣಿನ ಹೆಸರೂ ಇಲ್ಲ. ಮರಿಯಳ ಹೆಸರನ್ನು ಬಿಟ್ಟರೋ, ಆಕೆಯ ಕಥೆ ಆಮೇಲೆ ಬಂದಿತೋ? ಪ್ರಶ್ನೆ ಎರಡೂ ಕಡೆಗೆ ಕತ್ತರಿಸುತ್ತದೆ.

ಕೇಳಿದವರು ಹೊರಗಿನವರಲ್ಲ

ಸಂದೇಹ ಎಂದರೆ ನಾಸ್ತಿಕರ ಕಿತಾಪತಿ ಎಂದುಕೊಂಡವರು ಇತಿಹಾಸ ನೋಡಬೇಕು. 2ನೇ ಶತಮಾನದ ಕೆಲ್ಸಸ್ ಹೊರಗಿನವನು, ನಿಜ. ಆದರೆ 1700ರ ನಂತರದ ದೊಡ್ಡ ಪ್ರಶ್ನೆಗಳು ಬಂದದ್ದು ಕ್ರೈಸ್ತ ಮನೆಯೊಳಗಿಂದಲೇ. ಹ್ಯಾಂಬರ್ಗಿನ ಶಿಕ್ಷಕ ರೈಮಾರುಸ್, ಶಿಷ್ಯರೇ ದೇಹವನ್ನು ಕದ್ದರು ಎಂದು ಬರೆದಿಟ್ಟು, ಪ್ರಕಟಿಸದೆಯೇ ತೀರಿಕೊಂಡ. ಲೆಸಿಂಗ್ ಅದನ್ನು ಲೇಖಕನ ಹೆಸರಿಲ್ಲದೆ ಅಚ್ಚು ಹಾಕಿಸಿದ. 1835ರಲ್ಲಿ ಯೇಸುವಿನ ಜೀವನವನ್ನು ವಿಮರ್ಶಿಸಿ ಬರೆದ ಡೇವಿಡ್ ಸ್ಟ್ರೌಸ್ 27ರ ಹರೆಯದವ. ಪುಸ್ತಕಕ್ಕಾಗಿ ಟ್ಯೂಬಿಂಗೆನ್‌ನಲ್ಲಿ ಕೆಲಸ ಹೋಯಿತು. 1839ರಲ್ಲಿ ಜೂರಿಕ್‌ನಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕರೂ ಜನ ದಂಗೆಯೆದ್ದು, ಪಾಠ ಶುರು ಮಾಡುವ ಮೊದಲೇ ಅವನಿಗೆ ಪಿಂಚಣಿ ಕೊಟ್ಟು ಕೈತೊಳೆದುಕೊಂಡರು. ಕೆಲಸ ಹುಡುಕುವ ವಯಸ್ಸಿನವರಿಗೆ ಈ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

1984ರಲ್ಲಿ ಇಂಗ್ಲೆಂಡಿನ ಡೇವಿಡ್ ಜೆಂಕಿನ್ಸ್, ಡರ್ಹಮ್‌ನ ಬಿಷಪ್ಪರಾಗಿ ನೇಮಕವಾದವರು, ಪುನರುತ್ಥಾನದ ಅಕ್ಷರಶಃ ಅರ್ಥವನ್ನು ಟಿವಿಯಲ್ಲಿ ಪ್ರಶ್ನಿಸಿದರು. ಜುಲೈ 6ರಂದು ಯಾರ್ಕ್ ಮಿನ್‌ಸ್ಟರ್‌ನಲ್ಲಿ ಅವರಿಗೆ ದೀಕ್ಷೆಯಾಯಿತು. ಮೂರೇ ದಿನಕ್ಕೆ ಆ ಭವ್ಯ ದೇವಾಲಯದ ಒಂದು ಭಾಗದ ಚಾವಣಿ ಬೆಂಕಿಗೆ ಬಿತ್ತು. ಸಿಡಿಲು ಬಡಿದಿರಬೇಕು ಎಂದು ತನಿಖೆ ಹೇಳಿತು. ದೇವರ ಕೋಪ ಎಂದು ಕೆಲವರು ಹೇಳಿದರು. ಅಲ್ಲಿಗೆ ಮುಗಿಯಲಿಲ್ಲ. ಪುನರುತ್ಥಾನವೆಂದರೆ ಎಲುಬುಗಳನ್ನಿಟ್ಟು ಮಾಡಿದ ಜಾದೂಗಿಂತ ದೊಡ್ಡದು ಎಂಬರ್ಥದಲ್ಲಿ ಅವರು ಆಡಿದ ಮಾತು, ಪುನರುತ್ಥಾನವೇ ಜಾದೂ ಎಂದರೆಂಬಂತೆ ಹಬ್ಬಿತು. ಇಂದಿನ ಫಾರ್ವರ್ಡ್ ಮೆಸೇಜುಗಳ ಕಾಲದಲ್ಲಿ ಇದು ನಮಗೆ ಚೆನ್ನಾಗಿ ಗೊತ್ತಿರುವ ರೋಗ.

ಬೇಯ್ಸ್ ಪ್ರಮೇಯ ಉತ್ತರಿಸುತ್ತದೆಯೇ?

ಮೂರು ಯಂತ್ರಗಳಲ್ಲಿ ತಯಾರಾದ ಬೋಲ್ಟುಗಳಲ್ಲಿ ಒಂದು ದೋಷವುಳ್ಳದ್ದು ಸಿಕ್ಕರೆ ಅದು ಯಾವ ಯಂತ್ರದ್ದು ಎಂಬ ಲೆಕ್ಕವನ್ನು ಎಂಜಿನಿಯರಿಂಗ್ ಓದುವವರೆಲ್ಲ ಮಾಡಿರುತ್ತೇವೆ. ಆ ಪ್ರಮೇಯದ ಥಾಮಸ್ ಬೇಯ್ಸ್ ಒಬ್ಬ ಪಾದ್ರಿ. ಅವರ ಬರಹವನ್ನು ಅವರು ತೀರಿಕೊಂಡ ಮೇಲೆ, 1763ರಲ್ಲಿ, ಹೊರತಂದ ರಿಚರ್ಡ್ ಪ್ರೈಸ್ ಕೂಡ ಪಾದ್ರಿಯೇ. ಪವಾಡದ ಸಾಕ್ಷಿ ಸುಳ್ಳಾಗುವುದೇ ಪವಾಡಕ್ಕಿಂತ ಹೆಚ್ಚು ಅಸಂಭವ ಎನಿಸಿದರೆ ಮಾತ್ರ ನಂಬಬಹುದು ಎಂದು ಡೇವಿಡ್ ಹ್ಯೂಮ್ 1748ರಲ್ಲಿ ಬರೆದಿದ್ದರು. ಪ್ರೈಸ್ 1767ರಲ್ಲಿ ಸಂಭಾವ್ಯತೆಯ ಲೆಕ್ಕವನ್ನೇ ಹಿಡಿದು ಅದಕ್ಕೆ ಉತ್ತರ ಕೊಟ್ಟರು. ಅಪರೂಪ ಎಂಬ ಒಂದೇ ಕಾರಣಕ್ಕೆ ಸಾಕ್ಷಿಯನ್ನು ತಳ್ಳಲಾಗದು ಎಂಬುದು ಅವರ ವಾದ. ಲಾಟರಿಯಲ್ಲಿ ಇಂಥದ್ದೇ ಸಂಖ್ಯೆ ಬರುವುದು ತೀರಾ ಅಪರೂಪ. ಆದರೂ ಪತ್ರಿಕೆಯಲ್ಲಿ ಅಚ್ಚಾದರೆ ನಂಬುತ್ತೇವೆ. ಸರಿ, ಆದರೆ ಲಾಟರಿಯಲ್ಲಿ ಯಾವುದೋ ಒಂದು ಸಂಖ್ಯೆ ಬರಲೇಬೇಕು. ಸತ್ತವರಲ್ಲಿ ಒಬ್ಬರು ಏಳಲೇಬೇಕೆಂಬ ನಿಯಮವಿಲ್ಲ.

2003ರಲ್ಲಿ ತತ್ವಜ್ಞಾನಿ ರಿಚರ್ಡ್ ಸ್ವಿನ್‌ಬರ್ನ್ ಇದೇ ಪ್ರಮೇಯ ಬಳಸಿ ಪುನರುತ್ಥಾನ ನಡೆದಿರುವ ಸಂಭಾವ್ಯತೆ ಸುಮಾರು 97 ಪ್ರತಿಶತ ಎಂದು ತೋರಿಸಿದರು. ದೇವರಿದ್ದಾನೆ ಎಂಬುದಕ್ಕೆ ಆರಂಭದಲ್ಲಿ ಎಷ್ಟು ಅಂಕ ಕೊಡುತ್ತೇವೆ ಎಂಬುದರ ಮೇಲೆ ಆ ಲೆಕ್ಕ ನಿಂತಿದೆ. ಸೊನ್ನೆಯ ಹತ್ತಿರದ ಅಂಕ ಕೊಟ್ಟರೆ ಉತ್ತರವೂ ಸೊನ್ನೆಯ ಹತ್ತಿರವೇ ಬರುತ್ತದೆ. ಬಿತ್ತಿದ್ದನ್ನೇ ಬೆಳೆಯುವ ಲೆಕ್ಕ ಇದು. ಪ್ರಮೇಯ ತಪ್ಪಲ್ಲ, ಅದು ತೀರ್ಪು ಕೊಡುವುದಿಲ್ಲ, ನಾವು ಮೊದಲೇ ಏನನ್ನು ನಂಬಿಕೊಂಡು ಬಂದಿದ್ದೇವೆ ಎಂಬುದನ್ನು ತೋರಿಸಿಕೊಡುತ್ತದೆ ಅಷ್ಟೇ. ನನ್ನ ಸಂದೇಹವಾದಿ ಗೆಳತಿಯರು ಎಚ್. ನರಸಿಂಹಯ್ಯನವರ ಹೆಸರು ಹೇಳುತ್ತಾರೆ. 1976ರಲ್ಲಿ ಅವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ್ದು ದೊಡ್ಡ ಕೆಲಸವೇ. ಆದರೆ ಗಾಳಿಯಿಂದ ಬೂದಿ ತೆಗೆಯುವವರಿಗೆ ‘ನಮ್ಮೆದುರು ಇನ್ನೊಮ್ಮೆ ಮಾಡಿ’ ಎನ್ನಬಹುದು. ಎರಡು ಸಾವಿರ ವರ್ಷದ ಹಿಂದಿನ ಒಂದು ಬೆಳಗನ್ನು ಹಾಗೆ ಕರೆಯಲಾಗದು.

ಹಾಗಾದರೆ ‘ಇದೆಲ್ಲ ಸಾಂಕೇತಿಕ’ ಎಂದು ಜಾಣತನದಿಂದ ಪಾರಾಗಬಹುದೇ? ಜರ್ಮನಿಯ ಬುಲ್ಟ್‌ಮನ್ 1941ರಲ್ಲಿ, ವಿದ್ಯುತ್ ದೀಪ, ರೇಡಿಯೊ ಬಳಸುವ ಜನ ಪವಾಡಗಳ ಹಳೆಯ ಲೋಕವನ್ನು ಇದ್ದ ಹಾಗೇ ನಂಬಲಾರರು, ಅದರ ಒಳಗಿನ ಕರೆಯನ್ನು ಕೇಳಿಸಿಕೊಳ್ಳಬೇಕು ಎಂದರು. ಗೌರವದ ದಾರಿಯೇ. ಆದರೆ ಪೌಲ ಅದನ್ನು ಒಪ್ಪುತ್ತಿರಲಿಲ್ಲ. ಕ್ರಿಸ್ತ ಎದ್ದಿಲ್ಲದಿದ್ದರೆ ತನ್ನ ಬೋಧನೆಯೇ ವ್ಯರ್ಥ ಎಂದು ಆತ ಎಲ್ಲವನ್ನೂ ಪಣಕ್ಕಿಟ್ಟವನು. ಇನ್ನೊಂದು ಕಡೆ ಪಿಂಖಾಸ್ ಲಪಿಡೆ ಎಂಬ ಯೆಹೂದಿ ವಿದ್ವಾಂಸ, ಯೇಸು ಎದ್ದದ್ದು ನಿಜ ಎಂದು ಒಪ್ಪಿಯೂ ಯೆಹೂದಿಯಾಗಿಯೇ ಉಳಿದರು. ಬುಲ್ಟ್‌ಮನ್‌ಗೆ ಘಟನೆ ಬೇಡವಾದರೂ ವಿಶ್ವಾಸ ಬೇಕಿತ್ತು. ಲಪಿಡೆಗೆ ಘಟನೆ ಸಿಕ್ಕರೂ ಕ್ರೈಸ್ತ ವಿಶ್ವಾಸ ಬೇಕಾಗಲಿಲ್ಲ. ಎರಡಕ್ಕೂ ಒಂದೇ ಸ್ವಿಚ್ ಇಲ್ಲ.

ನನ್ನ ಮನೆಯ ಮಾತು

ಇದು ನನಗೆ ಬರೀ ಚರ್ಚಾಸ್ಪರ್ಧೆಯ ವಿಷಯವಲ್ಲ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಸಮಾಧಿಯ ಬಳಿ ಫಾದರ್ ಪುನರುತ್ಥಾನದ ಬಗ್ಗೆ ಆಡಿದ ನಾಲ್ಕು ಮಾತನ್ನು ಅಮ್ಮ ಇಂದಿಗೂ ಹಿಡಿದುಕೊಂಡಿದ್ದಾರೆ. ‘ಇದನ್ನು ಇತಿಹಾಸವಾಗಿ ಸಾಬೀತು ಮಾಡೋಕಾಗಲ್ಲಮ್ಮ’ ಎಂದು ನಾನು ಹೇಳಿದರೆ ಅಮ್ಮನಿಗೆ ಕೇಳಿಸುವುದು ‘ಅಪ್ಪನನ್ನು ಮತ್ತೆ ನೋಡೋಕಾಗಲ್ಲ’ ಎಂದು. ನಮ್ಮಲ್ಲಿ ಈ ಪ್ರಶ್ನೆ ಜೆರುಸಲೇಮಿನ ಸಮಾಧಿಯದ್ದಲ್ಲ, ಊರಿನ ಸಮಾಧಿಯದ್ದು. ಹಾಸ್ಟೆಲಿನಲ್ಲಿ ನಗುವ ಗೆಳತಿಯರಿಗೆ ಇದು ತಿಳಿದಿರಲಿ ಎಂದೇ ಇಲ್ಲಿ ಬರೆಯುತ್ತಿದ್ದೇನೆ.

ಆದರೆ ನಮಗೆ ಬೇಕು ಎನ್ನುವುದು ಪುರಾವೆಯಲ್ಲ. ಅಪ್ಪ ಮತ್ತೆ ಸಿಗಲಿ ಎಂದು ನನಗೂ ಆಸೆಯಿದೆ. ಆಸೆ ಇದೆ ಎಂದು ಸಾಕ್ಷಿಯ ತೂಕ ಹೆಚ್ಚುವುದಿಲ್ಲ. ನಾನು ಓದಿದ ಮಟ್ಟಿಗೆ ಇತಿಹಾಸ ಇಷ್ಟು ಹೇಳುತ್ತದೆ: ಪಿಲಾತನ ಆಳ್ವಿಕೆಯಲ್ಲಿ ಯೇಸುವನ್ನು ಶಿಲುಬೆಗೇರಿಸಲಾಯಿತು, ಬಹುಬೇಗ ಅವರ ಅನುಯಾಯಿಗಳು ಅವರನ್ನು ಕಂಡೆವೆಂದು ಗಟ್ಟಿಯಾಗಿ ನಂಬಿದರು, ಆ ನಂಬಿಕೆಗೆ ಕೆಲವರು ಪ್ರಾಣವನ್ನೂ ಕೊಟ್ಟರು. ನಡುವಿನ ಆ ಬೆಳಿಗ್ಗೆ ಏನಾಯಿತು ಎಂಬಲ್ಲಿ ಇತಿಹಾಸದ ಉಪಕರಣ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ‘ಸಾಬೀತಾಗಿದೆ’ ಎನ್ನುವವರೂ, ‘ಸುಳ್ಳೆಂದು ಸಾಬೀತಾಗಿದೆ’ ಎನ್ನುವವರೂ ತಮ್ಮ ಕೈಯಲ್ಲಿಲ್ಲದ್ದನ್ನು ಮಾರುತ್ತಿದ್ದಾರೆ. ನಾನು ಕೇಳುವವರ ಪಕ್ಷದಲ್ಲಿದ್ದೇನೆ. ಪೂಜೆಗೆ ಹೋಗುವುದನ್ನೂ ಬಿಡುವುದಿಲ್ಲ. ಅಲ್ಲಿ ನಾನು ನಿಲ್ಲುವುದು ಭರವಸೆಯಿಂದ, ಸಾಬೀತು ಸಿಕ್ಕಿತೆಂದಲ್ಲ. ಈ ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ಹೇಳಿಕೊಂಡರೆ ವಿಶ್ವಾಸ ಸಣ್ಣದಾಗುತ್ತದೆ ಎಂದು ನನಗನ್ನಿಸುವುದಿಲ್ಲ.

ಧರ್ಮೋಪದೇಶ ಕಲಿಸುವ ಹಿರಿಯರಲ್ಲಿ ಒಂದು ಮನವಿ. ಮಾರ್ಕನ ಕೊನೆಯ 12 ವಚನಗಳ ಸಂಗತಿಯನ್ನು ನೀವೇ ಹೇಳಿ. ನಿಮ್ಮಿಂದ ಕೇಳದಿದ್ದರೆ ನಾವು ಅದನ್ನು ಮೊಬೈಲಿನಲ್ಲಿ ನೋಡುತ್ತೇವೆ, ಆಗ ಮೋಸ ಹೋದೆವು ಎನಿಸುತ್ತದೆ. ಗೆಳೆಯ ಗೆಳತಿಯರಲ್ಲೂ ಒಂದು ಮನವಿ. ಗೇಲಿ ಮಾಡುವ ಮೊದಲು ಆ ನಾಲ್ಕು ಅಧ್ಯಾಯಗಳನ್ನು ಓದಿ. ನಾಲ್ಕೂ ಸೇರಿ ಒಂದು ಗಂಟೆಯ ಓದೂ ಅಲ್ಲ.

ಹಾಗೆ ಓದಿದರೆ ತೋಮ ಸಿಗುತ್ತಾನೆ. ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಎಂದವನು. ಕಾಣದೆ ನಂಬುವವರು ಧನ್ಯರು ಎಂಬ ಮಾತು ಅಲ್ಲಿ ಬರುತ್ತದೆ, ನಿಜ. ಪ್ರವಚನಗಳಲ್ಲಿ ನಾವು ಕೇಳುವುದೂ ಅದನ್ನೇ. ಆದರೆ ಅದಕ್ಕೂ ಮೊದಲು ಯೇಸು ತೋಮನೆದುರು ಕೈಚಾಚಿ ಗಾಯ ತೋರಿಸುತ್ತಾರೆ. ಹಾಗೆ ಕೇಳಿದನೆಂದು ಉಳಿದ ಶಿಷ್ಯರೂ ಆತನನ್ನು ಗುಂಪಿನಿಂದ ಹೊರಗೆ ಹಾಕಿರಲಿಲ್ಲ; ಎಂಟು ದಿನ ಸಂದೇಹದಲ್ಲೇ ಇದ್ದವನು ಅವರ ಜೊತೆಗೇ ಇದ್ದ. ಮತ್ತಾಯನ ಕೊನೆಯ ಪುಟದಲ್ಲೂ, ಗಲಿಲೇಯದ ಬೆಟ್ಟದ ಮೇಲೆ ಯೇಸುವನ್ನು ಕಂಡು ಆರಾಧಿಸುವಾಗಲೂ, ಕೆಲವರಿಗೆ ಸಂದೇಹ ಉಳಿದಿತ್ತು ಎಂದಿದೆ. ಬರೆದವನಿಗೆ ಆ ವಾಕ್ಯವನ್ನು ಬಿಟ್ಟುಬಿಡುವುದು ಎಷ್ಟು ಸುಲಭವಿತ್ತು! ಬಿಡಲಿಲ್ಲ. ಎರಡು ಸಾವಿರ ವರ್ಷದ ಹಿಂದೆ ಆ ಬೆಟ್ಟದ ಮೇಲೆ ಸಂದೇಹಕ್ಕೆ ಜಾಗವಿತ್ತು ಎಂದಾದರೆ, ನಮ್ಮ ಚರ್ಚಿನ ಬೆಂಚಿನಲ್ಲೂ ನಮ್ಮ ಹಾಸ್ಟೆಲಿನ ಕೋಣೆಯಲ್ಲೂ ಅದಕ್ಕೆ ಜಾಗವಿರಬೇಕು.