ಹುವಾಕುಯಾನಿಯ ಬೆಳ್ಳಿ: ಕೇಳಬೇಕಾದ್ದು ಯಾರನ್ನು?

ದಕ್ಷಿಣ ಅಮೇರಿಕದ ಪೆರು ದೇಶದಲ್ಲಿ, ಬೊಲಿವಿಯದ ಗಡಿಗೆ ಸಮೀಪವಾಗಿ, ಹುವಾಕುಯಾನಿ ಎಂಬ ಜಿಲ್ಲೆಯೊಂದಿದೆ. ಅಲ್ಲಿ ಜಿಲ್ಲೆಯೆಂದರೆ ನಮ್ಮ ಕಡೆಯ ಹೋಬಳಿಯಂತಹ ಕಿರಿಯ ಘಟಕವೆಂದು ವಾಚಕರು ತಿಳಿಯಬೇಕು. ಪುನೊ ಪ್ರಾಂತಕ್ಕೆ ಸೇರಿದ ಈ ಪ್ರದೇಶವು, 12,500 ಅಡಿ ಎತ್ತರದಲ್ಲಿರುವ ಟಿಟಿಕಾಕಾ ಸರೋವರಕ್ಕಿಂತಲೂ ಮೇಲಿನ ಪ್ರಸ್ಥಭೂಮಿಯಲ್ಲಿದೆ. ನಿವಾಸಿಗಳಲ್ಲಿ ಬಹುತೇಕರು ಐಮಾರಾ ಜನ. ಬಟಾಟೆ, ಜವೆಗೋಧಿ ಬೆಳೆದು, ಕುರಿ, ಅಲ್ಪಾಕಾಗಳನ್ನು ಮೇಯಿಸಿ ಜೀವಿಸುವವರು.

ಅಷ್ಟು ದೂರದ ಬೆಟ್ಟದವರ ಗೊಡವೆ ನಮಗೇಕೆಂದು ಕೇಳುವವರಿರಬಹುದು. ನಮ್ಮ ಹೊಟೇಲುಗಳಲ್ಲಿ ದಿನಬೆಳಗಾದರೆ ಮಸಾಲೆದೋಸೆಯೊಳಗೆ ಸೇರುವ ಬಟಾಟೆಯನ್ನು ಸಹಸ್ರಾರು ವರ್ಷಗಳ ಹಿಂದೆ ಕಾಡುಗಡ್ಡೆಯಿಂದ ಪಳಗಿಸಿ ಬೆಳೆಯಾಗಿಸಿದವರು ಈ ಆಂಡಿಸ್ ಪರ್ವತಸೀಮೆಯ ರೈತರೇ. ರಾತ್ರಿಯ ಹಿಮದಲ್ಲಿ ಗಡ್ಡೆಯನ್ನು ಹೆಪ್ಪುಗಟ್ಟಿಸಿ, ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ ವರ್ಷಗಟ್ಟಲೆ ಕೆಡದಂತೆ ಇಡುವ ವಿದ್ಯೆ ಇಂದಿಗೂ ಅವರಲ್ಲಿದೆ. ಉಗ್ರಾಣದಲ್ಲಿ ಮೂಟೆಗಟ್ಟಲೆ ಬಟಾಟೆ ಮೊಳೆತು ಕೊಳೆಯುವುದನ್ನು ಕಂಡವರಿಗೆ ಅದರ ಬೆಲೆ ತಿಳಿದೀತು. ಆದರೆ ಇಂದಿನ ನಮ್ಮ ವಿಷಯ ಬಟಾಟೆಯಲ್ಲ, ಬೆಳ್ಳಿ.

ಪೆರುವಿನ 1993ರ ಸಂವಿಧಾನದ 71ನೆಯ ವಿಧಿಯ ಮೇರೆಗೆ ಗಡಿಯಿಂದ 50 ಕಿಲೋಮೀಟರಿನೊಳಗೆ ವಿದೇಶೀಯರು ಗಣಿಯನ್ನು ಹೊಂದಕೂಡದು. ಸಾರ್ವಜನಿಕ ಅವಶ್ಯಕತೆಯೆಂದು ಮಂತ್ರಿಮಂಡಲದ ಒಪ್ಪಿಗೆಯಿಂದ ಆಜ್ಞೆ ಹೊರಟರೆ ಮಾತ್ರ ವಿನಾಯಿತಿ. ಕೆನಡಾದ ಬೇರ್ ಕ್ರೀಕ್ ಕಂಪನಿಗೆ 2007ರಲ್ಲಿ ಆ ವಿನಾಯಿತಿ ದೊರೆತು, ಹುವಾಕುಯಾನಿಯಲ್ಲಿ ಸಾಂತಾ ಆನಾ ಎಂಬ ಬೆಳ್ಳಿಗಣಿಯ ಯೋಜನೆ ಸಿದ್ಧವಾಯಿತು. ಸಮೀಪದ ಕೆಲವು ಹಳ್ಳಿಗಳವರಿಗೆ ಕಂಪನಿಯು ಸರದಿಯ ಮೇಲೆ ಕೂಲಿಕೆಲಸ ಕೊಟ್ಟಿತು. ಅವರಲ್ಲಿ ಗಣಿಗೆ ಬೆಂಬಲವೂ ಇದ್ದಿತು. ಆಚೆಯ ಹಳ್ಳಿಗಳಿಗೆ ಕೂಲಿ ಬರಲಿಲ್ಲ, ನೀರು ಕೆಟ್ಟೀತೆಂಬ ಭೀತಿ ಮಾತ್ರ ಬಂದಿತು. ಹೊಳೆಯ ನೀರು ಕೂಲಿಯ ಪಟ್ಟಿಯನ್ನು ನೋಡಿಕೊಂಡು ಹರಿಯುವುದಿಲ್ಲವಷ್ಟೆ.

2011ರ ಮೇ ತಿಂಗಳಲ್ಲಿ ಐಮಾರಾ ಜನರು ಬೊಲಿವಿಯಕ್ಕೆ ಹೋಗುವ ಹೆದ್ದಾರಿಯನ್ನು ತಡೆದರು. ಮೇ 26ರಂದು ಪುನೊ ನಗರದಲ್ಲಿ ಸರಕಾರಿ ಕಚೇರಿಗಳಿಗೆ ಬೆಂಕಿ ಬಿದ್ದಿತು. ಕಚೇರಿ ಸುಡುವುದನ್ನು ನಾವು ಎಂದಿಗೂ ಸಮರ್ಥಿಸಲಾರೆವು; ಅಲ್ಲಿ ಕುಳಿತು ಬರೆಯುವ ಗುಮಾಸ್ತನು ಗಣಿಯ ಒಡೆಯನಲ್ಲ. ಆದರೆ ಮನವಿಗಳಿಂದ ಆಗದ ಕಾರ್ಯ ಅದರ ಬಳಿಕ ಆಯಿತೆಂಬುದು ಸರಕಾರಕ್ಕೆ ಶೋಭೆ ತರುವ ಸಂಗತಿಯಲ್ಲ. ಅಧ್ಯಕ್ಷ ಆಲಾನ್ ಗಾರ್ಸಿಯಾರವರ ಸರಕಾರ ತನ್ನ ಅವಧಿ ಮುಗಿಯಲು ತಿಂಗಳೊಂದಿರುವಾಗ, ಜೂನ್ ಅಂತ್ಯದಲ್ಲಿ, ಕಂಪನಿಯ ವಿನಾಯಿತಿಯನ್ನು ರದ್ದುಗೊಳಿಸಿತು.

ಕಂಪನಿಯು ಸುಮ್ಮನಿರಲಿಲ್ಲ. ಕೆನಡಾ ಮತ್ತು ಪೆರುಗಳ ವ್ಯಾಪಾರ ಒಪ್ಪಂದವನ್ನು ಹಿಡಿದು 2014ರಲ್ಲಿ ಅಂತರರಾಷ್ಟ್ರೀಯ ಪಂಚಾಯತಿಯ ಮುಂದೆ ಹೋಗಿ, 50 ಕೋಟಿ ಡಾಲರಿಗೂ ಮಿಕ್ಕಿ ಪರಿಹಾರ ಕೇಳಿತು. 2017ರ ನವೆಂಬರ್ 30ರ ತೀರ್ಪಿನಲ್ಲಿ ದೊರೆತದ್ದು ಸುಮಾರು 1 ಕೋಟಿ 82 ಲಕ್ಷ ಡಾಲರು ಮತ್ತು ಬಡ್ಡಿ. ತಮ್ಮ ಮಾತನ್ನು ಕೇಳದೆಯೇ ಹಕ್ಕನ್ನು ಕಿತ್ತುಕೊಂಡರೆಂಬ ಕಂಪನಿಯ ದೂರನ್ನು ಪಂಚರು ಎತ್ತಿಹಿಡಿದರು. ಆದರೆ ಮುಂದೆ ಬರಬಹುದಾಗಿದ್ದ ಲಾಭವನ್ನು ಲೆಕ್ಕಕ್ಕೆ ಹಿಡಿಯದೆ, ಖರ್ಚಾದ ಹಣವನ್ನು ಮಾತ್ರ ಕೊಡಿಸಿದರು. ಮೂವರು ಪಂಚರಲ್ಲೊಬ್ಬರಾದ ಫಿಲಿಪ್ ಸ್ಯಾಂಡ್ಸ್‌ರವರು, ಜನರ ವಿಶ್ವಾಸ ಗಳಿಸದಿದ್ದುದರಲ್ಲಿ ಕಂಪನಿಯ ಪಾಲೂ ಇರುವುದರಿಂದ ಪರಿಹಾರವನ್ನು ಅರ್ಧಕ್ಕಿಳಿಸಬೇಕೆಂದು ಭಿನ್ನಾಭಿಪ್ರಾಯ ಬರೆದರು. ನಮಗೂ ಅದೇ ಸರಿಯೆಂದು ತೋರುತ್ತದೆ.

ಕಂಪನಿಯನ್ನು ಕೇಳದ್ದು ತಪ್ಪಾದರೆ, ಐಮಾರಾ ರೈತರನ್ನು ಕೇಳದೆ 2007ರಲ್ಲಿ ಆಜ್ಞೆ ಹೊರಡಿಸಿದ್ದು ಏನು? ಮೂಲನಿವಾಸಿಗಳೊಡನೆ ಮುಂಚಿತವಾಗಿ ಸಮಾಲೋಚಿಸಬೇಕೆಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 169ನೆಯ ಒಡಂಬಡಿಕೆಯನ್ನು ಪೆರು 1994ರಲ್ಲಿಯೇ ಅಂಗೀಕರಿಸಿತ್ತು. ಪಂಚಾಯತಿಯಲ್ಲಿಯೂ ಈ ರೈತರು ವಾದಿಗಳಲ್ಲ, ಪ್ರತಿವಾದಿಗಳಲ್ಲ. ಪುನೊದ ಮಾನವ ಹಕ್ಕುಗಳ ಸಂಘವೊಂದಕ್ಕೆ ಲಿಖಿತ ಹೇಳಿಕೆ ಸಲ್ಲಿಸಲು ಅನುಮತಿ ದೊರೆತದ್ದಷ್ಟೆ. ಪರಿಹಾರದ ಹೊಣೆ ಬಿದ್ದುದು ಮಾತ್ರ ಅವರೂ ತೆರಿಗೆ ಕಟ್ಟುವ ಬೊಕ್ಕಸದ ಮೇಲೆ.

ಚಳವಳಿಯ ಮುಂದಾಳು ವಾಲ್ಟರ್ ಅದುವಿರಿಯವರು 2018ರಲ್ಲಿ ಪುನೊ ಪ್ರಾಂತದ ಗವರ್ನರರಾಗಿ ಚುನಾಯಿತರಾದರು. ಅದೇ ಚಳವಳಿಯ ಮೊಕದ್ದಮೆಯಲ್ಲಿ 2019ರ ಆಗಸ್ಟಿನಲ್ಲಿ ಸೆರೆಮನೆ ಸೇರಿದರು. ಸಮಾಲೋಚನೆಯ ಕಾಯಿದೆ 2011ರ ಸೆಪ್ಟೆಂಬರಿನಲ್ಲಿ ಬಂದಿತು. ಜನರೊಡನೆ ಒಮ್ಮತಕ್ಕೆ ಬಾರದಿದ್ದಲ್ಲಿ ಕೊನೆಯ ನಿರ್ಣಯ ಸರಕಾರದ್ದೇ ಎಂದು ಆ ಕಾಯಿದೆಯಲ್ಲಿ ಬರೆದಿದೆ.