ನಮ್ಮೂರಿಗೆ ಗುಡ್ಡ ಯಾಕೆ?

ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ಪುಣೆಯ ಮಾರ್ಕೆಟ್ ಯಾರ್ಡಿಗೆ ಬನ್ನಿ. ಹಣ್ಣಿನ ವಿಭಾಗದಲ್ಲಿ ಒಂದೇ ಬಣ್ಣ, ಒಂದೇ ಗಾತ್ರದ ಎರಡು ಹಾಪೂಸ್ ಪೆಟ್ಟಿಗೆಗಳ ಮುಂದೆ ನಿಂತು ದರ ಕೇಳಿ. ಎರಡು ಬೇರೆ ದರ ಹೇಳುತ್ತಾರೆ. ಒಂದು ಕೊಂಕಣದ್ದು, ಇನ್ನೊಂದು ‘ಕರ್ನಾಟಕ ಹಾಪೂಸ್’. ತಳಿ ಒಂದೇ, ನೆಲ ಬೇರೆ. 2018ರಲ್ಲಿ ಕೊಂಕಣದ ಹಾಪೂಸಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಈಗ ನಮ್ಮ ಕಡೆಯ ಹಣ್ಣನ್ನು ದೇವಗಡದ ಹೆಸರಲ್ಲಿ ಮಾರುವುದು ಕಾನೂನಿನ ಕಣ್ಣಿಗೂ ತಪ್ಪು. ಕನ್ನಡಿಗನಾಗಿ ಹೊಟ್ಟೆ ಸ್ವಲ್ಪ ಉರಿದರೂ ತತ್ವ ನನಗೆ ಒಪ್ಪಿಗೆ: ಊರ ಹೆಸರು ಹೇಳಿದ ಮೇಲೆ ನೆಲವೂ ಅದೇ ಇರಬೇಕು.

ಹಣ್ಣು ಹೊತ್ತು ಮನೆಗೆ ಬಂದರೆ, ಎಂಜಿನಿಯರಿಂಗ್ ಎರಡನೇ ವರ್ಷದ ಮಗ ಲ್ಯಾಪ್‌ಟಾಪ್ ತಿರುಗಿಸಿ, “ಅಪ್ಪಾ, ನಮ್ಮೂರು ಮಾಡೀನಿ ನೋಡು” ಅಂದ. ಕಾಲೇಜಿನ ಪ್ರಾಜೆಕ್ಟಿಗೆಂದು ಯೂನಿಟಿಯಲ್ಲಿ ಮಾಡುತ್ತಿರುವ ಆಟ. ನಮ್ಮೂರು ವಿಜಯಪುರ ಜಿಲ್ಲೆಯಲ್ಲಿ, ಡೋಣಿ ನದಿಯ ದಂಡೆಗೆ. ಪರದೆಯ ಮೇಲೆ ಊರ ಹೆಸರಿನ ಬೋರ್ಡು, ಅದರ ಹಿಂದೆ ಹಿಮಾಲಯದ ತಮ್ಮನಂಥ ಗುಡ್ಡಸಾಲು.

“ಇದೆಲ್ಲಿಂದ ಬಂತೋ?”

“ರ್‍ಯಾಂಡಮ್ ಜನರೇಟ್ ಮಾಡ್ದೆ. ಸಪಾಟ್ ಇದ್ರ ಯಾರ್ ಆಡ್ತಾರ?”

ಇದು ನನ್ನ ಮಗನೊಬ್ಬನ ಮಾತಲ್ಲ. ಆಟ ಕಟ್ಟುವ ಹುಡುಗರಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ಈ ಉತ್ತರದ ಮೇಲೆ ನನ್ನ ತಕರಾರಿದೆ.

ಮೊದಲು ಈ ಗುಡ್ಡ ಹುಟ್ಟುವ ಬಗೆ ನೋಡೋಣ. ಗೇಮ್ ಎಂಜಿನ್ನಿನ ಭೂಮಿ ಎಂದರೆ ಒಂದು ಹೈಟ್‌ಮ್ಯಾಪ್. ಚೌಕುಳಿ ಹಾಳೆಯ ಪ್ರತಿ ಬಿಂದುವಿಗೆ ಒಂದೊಂದು ಎತ್ತರ. ಆ ಎತ್ತರಗಳನ್ನು ತುಂಬಲು ಹೆಚ್ಚಾಗಿ ಬಳಸುವುದು ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ನಾಯ್ಸ್. 1982ರ ‘ಟ್ರಾನ್’ ಸಿನಿಮಾಕ್ಕೆ ದುಡಿದಿದ್ದ ಪರ್ಲಿನ್‌ಗೆ ಕಂಪ್ಯೂಟರ್ ಚಿತ್ರಗಳ ಯಂತ್ರದಂಥ ನುಣುಪು ಹಿಡಿಸಿರಲಿಲ್ಲ. ಅದನ್ನು ಕಳೆಯಲು ಮಾಡಿದ ಉಪಾಯ ಇದು. 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ದೊಡ್ಡ ಅಲೆಯ ಮೇಲೆ ಅದರರ್ಧದ ಅಲೆ, ಅದರ ಮೇಲೆ ಇನ್ನೂ ಅರ್ಧದ್ದು, ಹೀಗೆ ಪೇರಿಸುತ್ತ ಹೋದರೆ ಗುಡ್ಡದಂತೆ ಕಾಣುತ್ತದೆ.

ಕಾಣುತ್ತದೆ, ಅಷ್ಟೆ. ಅದರ ಮೇಲೆ ಒಂದು ಕೊಡ ನೀರು ಸುರಿಯಿರಿ. ಸ್ವಲ್ಪ ದೂರ ಹರಿದು ಯಾವುದೋ ತಗ್ಗಿನಲ್ಲಿ ನಿಂತುಬಿಡುತ್ತದೆ. ನಾಯ್ಸಿನ ನೆಲದ ತುಂಬ ಹೊರದಾರಿ ಇಲ್ಲದ ತಗ್ಗುಗಳು, ಯಾಕೆಂದರೆ ಅಲ್ಲಿ ಎಂದೂ ಮಳೆಯಾಗಿಲ್ಲ. ನಮ್ಮ ನೆಲವನ್ನು ತಿದ್ದಿದ್ದು ನೀರು. ಮಾರ್ಕೆಟ್ ಯಾರ್ಡಿನ ಮೇಲೆ ಬಿದ್ದ ಮಳೆ ಮುಠಾ, ಭೀಮಾ ಹಿಡಿದು ಕೃಷ್ಣೆ ಸೇರುತ್ತದೆ. ಜತ್ ಕಡೆ ಹುಟ್ಟುವ ನಮ್ಮ ಡೋಣಿಯೂ ಕೃಷ್ಣೆಗೇ ಹೋಗುತ್ತದೆ. ಈ ದಾರಿ ಮರೆತರೆ ಏನಾಗುತ್ತದೆ ಎಂದು 2019ರ ಸೆಪ್ಟೆಂಬರ್‌ನಲ್ಲಿ ಇಲ್ಲೇ ಹತ್ತಿರದ ಆಂಬೀಲ್ ಓಢಾ ಉಕ್ಕಿ, ಮನೆಗಳಿಗೆ ನುಗ್ಗಿ, ಜೀವಗಳನ್ನು ಒಯ್ದಾಗ ಪುಣೆಯವರು ನೋಡಿದ್ದೇವೆ. ನೆಲ ಎಂದರೆ ಬೇಕಾದ ಹಾಗೆ ಎಳೆಯಬಹುದಾದ ಸ್ಲೈಡರ್ ಎಂಬ ಭ್ರಮೆ ಆಟ ಕಟ್ಟುವವರಿಗೆ ಮಾತ್ರ ಇದೆ ಎಂದುಕೊಳ್ಳಬೇಡಿ.

ಇನ್ನು ಗುಡ್ಡದ ಆಕಾರ. ನಮ್ಮ ಮನೆಯಿಂದ ಪರ್ವತಿ ಬೆಟ್ಟ ದೂರವಿಲ್ಲ. ಸಿಂಹಗಡಕ್ಕೆ ನೀವೂ ಹೋಗಿರುತ್ತೀರಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾದ ಕಲ್ಲು ಇದು. ಹಾಗಾಗಿ ಇಲ್ಲಿನ ಗುಡ್ಡಗಳಿಗೆ ಮೆಟ್ಟಿಲಿನಂಥ ಮೈ, ಸಪಾಟು ತಲೆ. ಡೆಕ್ಕನ್ ಟ್ರ್ಯಾಪ್ ಎನ್ನುವಾಗ ಆ ‘ಟ್ರ್ಯಾಪ್’ ಕೂಡ ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ ಬಂದದ್ದು. ಕಡಿದಾದ ಅಂಚು, ಮೇಲೆ ಬಯಲು ಇದ್ದದ್ದರಿಂದಲೇ ಅಲ್ಲಿ ಕೋಟೆ ಕಟ್ಟಿದರು. ಚೂಪು ಶಿಖರದ ಮೇಲೆ ಮರಾಠಾ ಕೋಟೆ ಕೂರಿಸಿದರೆ ಭೂಗೋಳದ ಜೊತೆಗೆ ಇತಿಹಾಸವೂ ಸುಳ್ಳಾಗುತ್ತದೆ. ಹಂಪಿಯಲ್ಲಿ ಒಂದರ ಮೇಲೊಂದು ನಿಂತ ಬಂಡೆಗಳಂತೂ ಬಿಂದುವಿಗೊಂದೇ ಎತ್ತರ ಇಡುವ ಹೈಟ್‌ಮ್ಯಾಪಿಗೆ ಸಿಗುವುದೇ ಇಲ್ಲ. ಅವನ್ನು ಬೇರೆಯಾಗಿ ಮಾಡಿ ಇಡಬೇಕು.

“ಸರ್, ಇದು ಆಟ, ಭೂಗೋಳದ ಪಾಠವಲ್ಲ” ಎನ್ನುವವರಿದ್ದಾರೆ. ಒಪ್ಪಿದೆ. 2016ರ ‘ನೋ ಮ್ಯಾನ್ಸ್ ಸ್ಕೈ’ ಲೆಕ್ಕವಿಲ್ಲದಷ್ಟು ಗ್ರಹಗಳನ್ನು ಸೂತ್ರದಿಂದಲೇ ಹುಟ್ಟಿಸುತ್ತದೆ; ನನ್ನದೇನೂ ದೂರಿಲ್ಲ. ಆ ಗ್ರಹಗಳಿಂದ ಯಾರೂ ಊರು ಬಿಟ್ಟು ಬಂದಿಲ್ಲ. ಹೆಸರಿಲ್ಲದ ಲೋಕಕ್ಕೆ ರ್‍ಯಾಂಡಮ್ ಸಾಕು. ಆದರೆ ಊರ ಹೆಸರು ಬರೆದ ಮೇಲೆ ಕೊಂಕಣದ ಪೆಟ್ಟಿಗೆಯಲ್ಲಿ ಬೇರೆ ಹಣ್ಣು ತುಂಬುವಂತಿಲ್ಲ.

ಸಪಾಟಾದರೆ ಯಾರು ಆಡುತ್ತಾರೆ ಎಂಬುದು ನೋಡಲು ಬಾರದವನ ಪ್ರಶ್ನೆ. ‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎನ್ನುವ ನಾಡು ಅದು. ಆ ಎರಿ ಮಣ್ಣು ಮಳೆಗಾಲದ ಹಸಿಯನ್ನು ಹಿಡಿದಿಟ್ಟುಕೊಂಡು ಚಳಿಗಾಲದಲ್ಲಿ ಬಿಳಿಜೋಳ ಬೆಳೆಯುತ್ತದೆ. ಬೇಸಿಗೆಗೆ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ. ಮಳೆಯಲ್ಲಿ ಹೆಜ್ಜೆಗೆ ಎರಡು ಕಿಲೋ ಅಂಟುತ್ತದೆ. ಬಯಲಲ್ಲಿ ಬರುವವನು ಮೈಲಿ ದೂರದಿಂದ ಕಾಣುತ್ತಾನೆ; ಅಡಗಲು ಬದು ಇದೆ, ಹಳ್ಳದ ಕೊರಕಲಿದೆ. ಆಟಕ್ಕೆ ಇನ್ನೇನು ಬೇಕು?

ಸಾಮಗ್ರಿ ಇಲ್ಲ ಎನ್ನುವಂತೆಯೂ ಇಲ್ಲ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನಗಳಲ್ಲಿ ರೇಡಾರ್‌ನಿಂದ ಅಳೆದ ಭೂಮಿಯ ಎತ್ತರಗಳು ಸುಮಾರು 30 ಮೀಟರಿಗೊಂದು ಬಿಂದುವಿನಂತೆ ಪುಕ್ಕಟೆ ಸಿಗುತ್ತವೆ. ಇಸ್ರೋದ ಭುವನ್ ತಾಣದಲ್ಲಿ ಕಾರ್ಟೊಸ್ಯಾಟ್‌ನ ಎತ್ತರದ ಮಾಹಿತಿಯೂ ಇದೆ. ಅದನ್ನು 16 ಬಿಟ್ ಹೈಟ್‌ಮ್ಯಾಪ್ ಮಾಡಿಕೊಳ್ಳಲು ಒಂದು ಸಂಜೆ ಸಾಕು. ಮೆಟ್ಟಿಲಿನ ಗುಡ್ಡಕ್ಕೆ ಟೆರೇಸ್, ನೀರಿನ ಕೊರೆತಕ್ಕೆ ಹೈಡ್ರಾಲಿಕ್ ಇರೋಷನ್ ಯೂನಿಟಿಯ ಟೆರೇನ್ ಟೂಲ್ಸ್‌ನಲ್ಲೇ ಇವೆ. ನಾಯ್ಸ್ ಬೇಕಾದರೆ ಕೊನೆಯಲ್ಲಿ ಬರಲಿ, ಉಪ್ಪಿನಷ್ಟು.

ಮಗನಿಗೆ ಇಷ್ಟೆಲ್ಲ ಹೇಳಿದೆ. ಅವನು ಸುಮ್ಮನೆ ಕೇಳಿ, “ನಮ್ಮ ಹೊಲ ಎಲ್ಲಿತ್ತು, ತೋರ್ಸು” ಅಂತ ಉಪಗ್ರಹ ನಕ್ಷೆ ತೆರೆದ. ನನಗೆ ಗುರುತು ಹತ್ತಲಿಲ್ಲ. ಆ ನಾಲ್ಕೆಕರೆ ಮಾರಿಯೇ ಈ ಫ್ಲ್ಯಾಟಿನ ಮೊದಲ ಕಂತು ಕಟ್ಟಿದ್ದು. ಆಗ ಅವನಿಗೆ ಮೂರು ವರ್ಷ. ಆಮೇಲೆ ಹೋದದ್ದು ಮದುವೆ, ಮಣ್ಣಿಗೆ. ಹೊಲದ ಕಡೆ ಒಮ್ಮೆಯೂ ಕರೆದೊಯ್ದಿಲ್ಲ. ನೋಡದ ನೆಲಕ್ಕೆ ಅವನು ಬಟನ್ ಒತ್ತಿದ್ದರಲ್ಲಿ ಅರ್ಧ ತಪ್ಪು ನನ್ನದು.

ಮೇ ತಿಂಗಳಲ್ಲಿ ಇಬ್ಬರೂ ಹೊರಟಿದ್ದೇವೆ. ಬರುವವರೆಗೆ ಗುಡ್ಡ ತೆಗೆ, ಇಲ್ಲವೇ ಬೋರ್ಡು ತೆಗೆ ಎಂದಿದ್ದೇನೆ. ಅವನು ಬೋರ್ಡು ತೆಗೆದಿದ್ದಾನೆ.