ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರದ ಊಟ: ಬಡಿಸುವವರಿಗೂ ಎರಡು ಮಾತು

ಕಳೆದ ಶ್ರಾವಣದ ಕೊನೆಯ ಸೋಮವಾರ ದಾಸೋಹದ ಪಂಕ್ತಿಯಲ್ಲಿ ಕಂಡ ಒಂದು ಪ್ರಸಂಗವೇ ಈ ಲೇಖನಕ್ಕೆ ಕಾರಣ. ನನ್ನ ಎದುರಿನ ಸಾಲಿನಲ್ಲಿ ನಮ್ಮ ಶಹಾಪುರದ ಶಿಕ್ಷಕಿಯೊಬ್ಬರು ಕುಳಿತಿದ್ದರು. ಅವರು ಹೈದರಾಬಾದಿಗೆ ಹೋಗಿ ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಗ ಐದು ತಿಂಗಳಾಗಿತ್ತು. ತಟ್ಟೆಯಲ್ಲಿ ಅರ್ಧ ಹೋಳಿಗೆ, ಒಂದು ಹಿಡಿ ಅನ್ನ, ಸ್ವಲ್ಪ ಬೇಳೆ. ಬಡಿಸುತ್ತ ಬಂದ ತಾಯಿಯೊಬ್ಬರು ನಿಂತು, "ಯಾಕ್ರೀ ಅಕ್ಕಾರ, ಇಷ್ಟಕ್ಕೇ ಸಾಕಾಯ್ತೇನ್ರೀ? ಪ್ರಸಾದಕ್ಕ ಬ್ಯಾಡ ಅನಬಾರದು" ಎನ್ನುತ್ತ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪವನ್ನೂ ಸುರಿದರು. ಹಾಕಿಸಿಕೊಂಡದ್ದನ್ನು ಬಿಡುವಂತಿಲ್ಲ. ಶಿಕ್ಷಕಿ ಅದನ್ನು ಉಂಡರು. ಹತ್ತು ನಿಮಿಷದಲ್ಲಿ ಹಿತ್ತಲಿನ ನಲ್ಲಿಯ ಬಳಿ ಬೆವರುತ್ತ, ವಾಂತಿ ಮಾಡಿಕೊಳ್ಳುತ್ತ ನಿಂತಿದ್ದರು. ಅಂದಿನಿಂದ ಅವರು ಮಠಕ್ಕೆ ಬರುತ್ತಾರೆ, ಗದ್ದುಗೆಗೆ ನಮಸ್ಕರಿಸುತ್ತಾರೆ, ಪಂಕ್ತಿಗೆ ಕರೆ ಬರುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾರೆ.

ಬಡಿಸಿದ ತಾಯಿಯದು ತಪ್ಪೆಂದು ನಾನು ಹೇಳಲಾರೆ. ಅವರು ನಮ್ಮ ನಾಡಿನ ರೀತಿಯಲ್ಲೇ ನಡೆದುಕೊಂಡರು. ಒತ್ತಾಯ ಮಾಡಿ ಉಣಿಸದಿದ್ದರೆ ಅದು ಉಪಚಾರವೇ ಅಲ್ಲವೆಂಬುದು ಸಗರನಾಡಿನ ಮನೆಮನೆಯ ನಂಬಿಕೆ. ಮಳೆಯನ್ನೇ ನಂಬಿದ್ದ ಈ ನೆಲದಲ್ಲಿ, ಬಸವಸಾಗರದ ಕಾಲುವೆ ನೀರು ಹರಿಯುವ ಮೊದಲು, ಹೊಟ್ಟೆ ತುಂಬ ಉಂಡ ದಿನವೇ ಹಬ್ಬವಾಗಿದ್ದ ಕಾಲವನ್ನು ನನ್ನ ತಲೆಮಾರಿನವರು ಕಂಡಿದ್ದೇವೆ. ಆ ಹಸಿವಿನ ನೆನಪೇ ಇಂದಿಗೂ ಸೌಟು ಹಿಡಿದು ನಿಂತಿದೆ. ಆದರೆ ಕಾಲ ಬದಲಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ವಯಸ್ಕರಲ್ಲಿ, ಹೆಣ್ಣಿರಲಿ ಗಂಡಿರಲಿ, ಹತ್ತರಲ್ಲಿ ಸುಮಾರು ಮೂವರ ತೂಕ ಇರಬೇಕಾದುದಕ್ಕಿಂತ ಹೆಚ್ಚು.

ನಾನು ಶಸ್ತ್ರವೈದ್ಯನಲ್ಲ. ಶಹಾಪುರದಲ್ಲಿ ಸಣ್ಣದೊಂದು ದವಾಖಾನೆ ಇಟ್ಟುಕೊಂಡು ಜ್ವರ, ಕೆಮ್ಮು, ಸಕ್ಕರೆ ಕಾಯಿಲೆ ನೋಡುವವನು. ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕೆಲವರು ನನ್ನಲ್ಲಿಗೆ ಬರುತ್ತಾರೆ. ಒಬ್ಬರು ಬೆಂಗಳೂರಿನಲ್ಲಿ ಮಾಡಿಸಿದವರು, ಮತ್ತೊಬ್ಬರು ಸೊಲ್ಲಾಪುರದಲ್ಲಿ, ಉಳಿದವರು ಹೈದರಾಬಾದಿನಲ್ಲಿ. ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯ ಕೆಲಸ, ಆಸ್ಪತ್ರೆಯ ವಾಸ ಮೂರ್ನಾಲ್ಕು ದಿನ. ಉಳಿದ ಮೂವತ್ತು ನಾಲ್ವತ್ತು ವರ್ಷಗಳ ಬಾಳು ನಡೆಯುವುದು ಇಲ್ಲಿನ ಅಡುಗೆಮನೆಗಳಲ್ಲಿ, ಮದುವೆಯ ಚಪ್ಪರಗಳಲ್ಲಿ, ಜಾತ್ರೆಯ ಪಂಕ್ತಿಗಳಲ್ಲಿ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಪಥ್ಯದ ಹಾಳೆಯಲ್ಲಿ ರೋಗಿ ಏನು ಮಾಡಬೇಕೆಂಬುದೆಲ್ಲ ಇರುತ್ತದೆ. ಅಡುಗೆ ಮಾಡುವವರು, ಬಡಿಸುವವರು, ಉಣ್ಣಲು ಕರೆಯುವವರು ಏನು ಮಾಡಬೇಕೆಂದು ಅದರಲ್ಲಿ ಒಂದಕ್ಷರವೂ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಚಿಕಿತ್ಸೆ ಸೋಲುವುದು ಬಹಳ ಸಲ ಅಲ್ಲಿಯೇ.

ಮೊದಲು ಈ ಶಸ್ತ್ರಚಿಕಿತ್ಸೆ ಏನೆಂಬುದನ್ನು ತಿಳಿಯೋಣ. ಕೆಲವರು ಇದನ್ನು ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆಯೆಂದು ತಿಳಿದಿದ್ದಾರೆ. ಅದು ಬೇರೆ, ಇದು ಬೇರೆ. ಇಲ್ಲಿ ಕೈಹಚ್ಚುವುದು ಜಠರಕ್ಕೆ. 'ಸ್ಲೀವ್' ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಪಾಲಿಗೂ ಮಿಕ್ಕಿ ಕತ್ತರಿಸಿ ತೆಗೆಯುತ್ತಾರೆ. ಒಂದು ಲೀಟರಿಗೂ ಹೆಚ್ಚು ಹಿಡಿಯುತ್ತಿದ್ದ ಚೀಲ 100–150 ಮಿಲಿ ಲೀಟರ್ ಹಿಡಿಯುವ ಕೊಳವೆಯಾಗುತ್ತದೆ, ಎಂದರೆ ಒಂದು ಚಹಾ ಕಪ್ಪಿನಷ್ಟು. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ರಸದೂತ ಹೆಚ್ಚಾಗಿ ಹುಟ್ಟುವುದು ಕತ್ತರಿಸಿದ ಆ ಭಾಗದಲ್ಲೇ ಆದ್ದರಿಂದ ಹಸಿವೂ ತಗ್ಗುತ್ತದೆ. 'ಬೈಪಾಸ್' ವಿಧಾನದಲ್ಲಿ ಸುಮಾರು 30 ಮಿಲಿ ಲೀಟರಿನ ಪುಟ್ಟ ಚೀಲವನ್ನು ಮಾತ್ರ ಉಳಿಸಿ, ಅದನ್ನು ಸಣ್ಣ ಕರುಳಿನ ಕೆಳಭಾಗಕ್ಕೆ ನೇರ ಜೋಡಿಸುತ್ತಾರೆ. (ಬೈಪಾಸ್ ಎಂದೊಡನೆ ನಮ್ಮ ಕಡೆ ಹೃದಯದ್ದೇ ಎಂದು ಭಾವಿಸಿ ಬಾಳೆಹಣ್ಣು ಹಿಡಿದು ನೋಡಲು ಬರುವವರುಂಟು.) 2011ರಲ್ಲಿ ನಿತಿನ್ ಗಡ್ಕರಿಯವರೂ 2014ರಲ್ಲಿ ಅರುಣ್ ಜೇಟ್ಲಿಯವರೂ ಇಂಥ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಹಲವರಿಗೆ ಇದರ ಪರಿಚಯವಾಯಿತು.

"ಬಾಯಿ ಕಟ್ಟಲಾಗದವರು ಹಣ ಕೊಟ್ಟು ಹೊಟ್ಟೆ ಕತ್ತರಿಸಿಕೊಂಡರು" ಎಂಬ ಕುಹಕವನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅತಿಬೊಜ್ಜು ನಾಲಿಗೆಯ ದೌರ್ಬಲ್ಯವಷ್ಟೇ ಅಲ್ಲ. ವಂಶ, ಹಾರ್ಮೋನು, ನಿದ್ರೆ, ದುಡಿಮೆಯ ರೀತಿ ಎಲ್ಲ ಸೇರಿ ಆಗುವ ಕಾಯಿಲೆ. ಮೊಣಕಾಲು ಸವೆದು, ಸಕ್ಕರೆ ಏರಿ, ರಾತ್ರಿ ಉಸಿರು ಕಟ್ಟಿ, ಹತ್ತಾರು ಪಥ್ಯಗಳನ್ನು ಮಾಡಿ ಸೋತವರೇ ಕೊನೆಗೆ ಶಸ್ತ್ರಕ್ಕೆ ಒಪ್ಪುತ್ತಾರೆ. ಬಾಯಿ ಕಟ್ಟುವ ಕೆಲಸ ಅವರಿಗೆ ಅಲ್ಲಿಂದ ಮುಂದೆಯೂ ತಪ್ಪಿದ್ದಲ್ಲ.

ಮೊದಲ ಎರಡು ವಾರ ದ್ರವಾಹಾರ, ಅನಂತರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು, ಆರೆಂಟು ವಾರಗಳ ಹೊತ್ತಿಗೆ ಎಂದಿನ ಅಡುಗೆ. ಈ ಕ್ರಮವನ್ನು ಆಸ್ಪತ್ರೆಯವರೇ ಬರೆದುಕೊಟ್ಟಿರುತ್ತಾರೆ, ಅದನ್ನು ಚಾಚೂ ತಪ್ಪದೆ ಪಾಲಿಸಬೇಕು. ತೊಡಕು ಶುರುವಾಗುವುದು ಎಂದಿನ ಅಡುಗೆ ಎಂದ ಮೇಲೆ. ಬಿಳಿ ಅನ್ನವೂ ಮೆತ್ತನೆಯ ಚಪಾತಿಯೂ ಸರಿಯಾಗಿ ಅಗಿಯದಿದ್ದರೆ ಮುದ್ದೆಗಟ್ಟಿ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತವೆ. ನಮ್ಮ ಜೋಳದ ರೊಟ್ಟಿಯ ವಿಷಯದಲ್ಲಿ ನನ್ನ ಅನುಭವ ಬೇರೆ. ಕಾಲು ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ, ಚಿಕ್ಕ ತುತ್ತು ಮಾಡಿ, ಪ್ರತಿ ತುತ್ತನ್ನೂ ಇಪ್ಪತ್ತು ಇಪ್ಪತ್ತೈದು ಸಲ ಅಗಿದರೆ ಹೆಚ್ಚಿನವರಿಗೆ ಹಿಡಿಸುತ್ತದೆ. ಕಟಕ ರೊಟ್ಟಿ ತಾನಾಗಿಯೇ ನಿಧಾನವಾಗಿ ಅಗಿಯುವಂತೆ ಮಾಡುತ್ತದೆ. ಒಂದು ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು.

ತಟ್ಟೆಯಲ್ಲಿ ಮೊದಲು ಉಣ್ಣಬೇಕಾದದ್ದು ಬೇಳೆ, ಕಾಳು, ಮೊಸರು, ಪನೀರು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆಂದು ವೈದ್ಯರು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ: ಚಿಕ್ಕ ಬಟ್ಟಲು ಗಟ್ಟಿ ತೊಗರಿಬೇಳೆಯಲ್ಲಿ ಆರೇಳು ಗ್ರಾಂ, ಒಂದು ಲೋಟ ಹಾಲಿನಲ್ಲಿ ಅಷ್ಟೇ, 50 ಗ್ರಾಂ ಪನೀರಿನಲ್ಲಿ ಸುಮಾರು ಒಂಬತ್ತು. ಮಾಂಸ, ಮೊಟ್ಟೆ ಮುಟ್ಟದ ನಮ್ಮ ಮನೆಗಳಲ್ಲಿ ಚಹಾ ಕಪ್ಪಿನಷ್ಟು ಹೊಟ್ಟೆಯಿಂದ ಈ ಗುರಿ ಮುಟ್ಟುವುದು ಸುಲಭವಲ್ಲ. ತೊಗರಿಯ ಕಣಜವೆನಿಸಿದ ಈ ಭಾಗದಲ್ಲೂ ನಾವು ಸಾರಿನ ತಿಳಿಯನ್ನು ಅನ್ನಕ್ಕೆ ಕಲಸಿ ಉಣ್ಣುವವರು, ಬೇಳೆ ತಳದಲ್ಲೇ ಉಳಿಯುತ್ತದೆ. ಶಸ್ತ್ರಚಿಕಿತ್ಸೆಯಾದವರ ಬಟ್ಟಲಿಗೆ ಬೀಳಬೇಕಾದದ್ದು ಆ ತಳದ ಬೇಳೆ. ಇದರ ಜೊತೆಗೆ ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು, ಜುಣಕ, ಸೋಯಾ ಇವನ್ನು ದಿನದಲ್ಲಿ ನಾಲ್ಕೈದು ಹೊತ್ತಿಗೆ ಹಂಚಿಕೊಳ್ಳಬೇಕು. ಸಾಲದಿದ್ದರೆ ವೈದ್ಯರು ಹೇಳಿದ ಪ್ರೋಟೀನ್ ಪುಡಿಗೂ ಹಿಂಜರಿಯಬಾರದು. ಮೂರರಿಂದ ಆರನೆಯ ತಿಂಗಳಲ್ಲಿ ಕೂದಲು ಉದುರಿ ಹಲವರು ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಅದು ಮತ್ತೆ ಬರುತ್ತದೆ, ಆದರೆ ಪ್ರೋಟೀನು, ಕಬ್ಬಿಣಾಂಶ ಕಡಿಮೆ ಬಿದ್ದರೆ ಉದುರುವುದು ಹೆಚ್ಚುತ್ತದೆ.

ಇಲ್ಲೊಂದು ಮಾತನ್ನು ಕಟುವಾಗಿಯೇ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದದ್ದನ್ನು ಗಡಿಬಿಡಿಯಲ್ಲಿ ಉಣ್ಣುತ್ತಾರೆ. ಅಷ್ಟು ಹೊತ್ತಿಗೆ ಬೇಳೆ ಖಾಲಿ, ಅನ್ನ ಮಾತ್ರ ಉಳಿದಿರುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಸೊಸೆಗೆ ಶಸ್ತ್ರಚಿಕಿತ್ಸೆ ಮಾಡಿಸಿದ ಕುಟುಂಬವೊಂದು ಅವಳು ಹೊತ್ತಿಗೆ ಸರಿಯಾಗಿ ಮೊದಲು ಕುಳಿತು ಉಣ್ಣುವುದನ್ನು ಸೊಕ್ಕೆಂದು ಕರೆದದ್ದನ್ನು ನಾನು ಬಲ್ಲೆ. ಮಗುವಿಗಾಗಿ ಅವಸರಪಡಿಸುವವರೂ ಅವರೇ. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ನಿಜ. ಆದರೆ ಒಂದರಿಂದ ಒಂದೂವರೆ ವರ್ಷ ಬಸಿರನ್ನು ಮುಂದೂಡಬೇಕೆಂಬುದು ವೈದ್ಯರ ಸ್ಪಷ್ಟ ಸೂಚನೆ. ಅತ್ತೆ ಮಾವಂದಿರು ಇದನ್ನು ಕೇಳಿಸಿಕೊಳ್ಳಬೇಕು.

ನೀರಿನ ವಿಚಾರಕ್ಕೆ ಬರೋಣ. ಊಟದ ಜೊತೆ ನೀರು ಕುಡಿಯಬಾರದು, ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಗಟಗಟನೆ ಕುಡಿಯುವುದು ಇನ್ನು ಸಾಧ್ಯವಿಲ್ಲ. ಗುಟುಕು ಗುಟುಕಾಗಿಯೇ ದಿನಕ್ಕೆ ಒಂದೂವರೆ ಎರಡು ಲೀಟರು ಮುಗಿಸಬೇಕು. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ, ಶಹಾಪುರದ ಸುತ್ತಿನ ಬಂಡೆಗುಡ್ಡಗಳೇ ಕಾದು ಕೆಂಡವಾಗುವಾಗ, ಬಾಟಲಿ ಕೈಯಲ್ಲಿಲ್ಲದೆ ಅವರು ಹೊರಗೆ ಕಾಲಿಡಬಾರದು. ತಿಳಿಮಜ್ಜಿಗೆ ಒಳ್ಳೆಯದು. ಕಬ್ಬಿನ ಹಾಲು, ಬಾಟಲಿಯ ತಂಪುಪಾನೀಯ, ಸಕ್ಕರೆ ಸುರಿದ ಚಹಾ ಬೇಡ. ಸಿಹಿ ಪದಾರ್ಥ ಚಿಕ್ಕ ಜಠರದಿಂದ ಕರುಳಿಗೆ ಒಮ್ಮೆಲೇ ಇಳಿದರೆ ಎದೆ ಡವಡವ, ಬೆವರು, ತಲೆಸುತ್ತು, ಭೇದಿ ಆಗುತ್ತವೆ. ಬೈಪಾಸ್ ಆದವರಲ್ಲಿ ಇದು ಹೆಚ್ಚು. ಆ ಶಿಕ್ಷಕಿಗೆ ಅಂದು ಆದದ್ದೂ ಇದೇ. ಕರಿದದ್ದು, ಸಿಹಿಯಾದದ್ದು, ಸುಲಭವಾಗಿ ಕರಗಿ ಒಳಗಿಳಿಯುವಂಥದು ದಿನವಿಡೀ ಬಾಯಾಡುತ್ತಿದ್ದರೆ ಚಿಕ್ಕ ಹೊಟ್ಟೆಯೂ ಮೋಸಹೋಗುತ್ತದೆ. ಬಸ್ ನಿಲ್ದಾಣದ ಮಿರ್ಚಿ ಭಜಿ, ಸುಸಲಾಗಳಿಂದ ಎರಡು ಮೂರು ವರ್ಷಗಳಲ್ಲಿ ಕಳೆದ ತೂಕದ ಒಂದು ಪಾಲನ್ನು ಮರಳಿ ಪಡೆದವರನ್ನು ಕಂಡಿದ್ದೇನೆ.

ಇನ್ನು ಆಚಾರದ ಮಾತು. ಇಷ್ಟಲಿಂಗ ಪೂಜೆಯಾಗುವವರೆಗೆ ನೀರನ್ನೂ ಮುಟ್ಟದ ನಿಷ್ಠಾವಂತರು ನಮ್ಮಲ್ಲಿದ್ದಾರೆ. ಪೂಜೆಯನ್ನು ನಸುಕಿಗೆ ತಂದುಕೊಂಡರೆ ನಿಷ್ಠೆಗೂ ದೇಹಕ್ಕೂ ವಿರೋಧವಿಲ್ಲ. ಹತ್ತು ಗಂಟೆಯವರೆಗೆ ಒಣಗಿರುವುದು ಮಾತ್ರ ಅಪಾಯ. ಶಿವರಾತ್ರಿಯಂದು ನಿರ್ಜಲ ಉಪವಾಸವನ್ನು, ವಿಶೇಷವಾಗಿ ಮೊದಲ ವರ್ಷ, ಬಿಡಲೇಬೇಕು. ಪ್ರಸಾದ ಮುಗಿದ ಮೇಲೆ ತಟ್ಟೆ ತೊಳೆದು ಆ ನೀರು ಕುಡಿಯುವ ಹಿರಿಯರ ರೂಢಿ ಊಟದ ಜೊತೆ ನೀರು ಬೇಡವೆಂಬ ನಿಯಮಕ್ಕೆ ಅಡ್ಡ ಬರುತ್ತದಲ್ಲ ಎಂದು ಒಬ್ಬರು ನನ್ನನ್ನು ಕಳವಳದಿಂದ ಕೇಳಿದರು. ದೊಡ್ಡ ತಟ್ಟೆಯ ಬದಲು ಚಿಕ್ಕ ಬಟ್ಟಲಿನಲ್ಲಿ ಪ್ರಸಾದ ಪಡೆದರೆ ಅದನ್ನು ತೊಳೆಯಲು ಎರಡು ಚಮಚ ನೀರು ಸಾಕು, ಅಷ್ಟರಿಂದ ಬಾಧೆಯಿಲ್ಲ ಎಂದೆ. ಪ್ರಸಾದವನ್ನು ಬಿಡಬಾರದೆಂಬ ನಿಯಮದ ಭಾರವನ್ನು ನಾವು ಉಣ್ಣುವವರ ಮೇಲೆ ಮಾತ್ರ ಹೇರಿದ್ದೇವೆ. ಬೇಡವೆಂದವರಿಗೆ ಬಡಿಸದಿರುವ ಹೊಣೆ ಬಡಿಸುವವರದೂ ಅಲ್ಲವೇ? ಪ್ರಸಾದಕ್ಕೆ ತೂಕವೂ ಅಳತೆಯೂ ಇಲ್ಲ.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ಕಳೆದಿದ್ದ ರೈತರೊಬ್ಬರು ಪಾದಗಳು ಜುಮುಜುಮು ಎನ್ನುತ್ತವೆಂದು ಬಂದರು. ಹಳೆಯ ಸಕ್ಕರೆ ಕಾಯಿಲೆಯ ನರದೌರ್ಬಲ್ಯವೆಂದು ತಿಳಿದು ನಾಲ್ಕು ತಿಂಗಳು ಅದಕ್ಕೇ ಔಷಧ ಕೊಟ್ಟೆ. ನಡಿಗೆ ತೂರಾಡತೊಡಗಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ತೀರ ಕುಸಿದಿತ್ತು. ಈ ಜೀವಸತ್ವ ರಕ್ತಕ್ಕೆ ಸೇರಲು ಜಠರದ ಸ್ರಾವ ಬೇಕು. ಜಠರವೇ ಹೋದ ಮೇಲೆ ಅದು ಕಡಿಮೆ. ಸಸ್ಯಾಹಾರಿಗಳಿಗೆ ಅದು ಸಿಗುವುದು ಹಾಲು, ಮೊಸರಿನಿಂದ ಮಾತ್ರ. ಯಕೃತ್ತಿನಲ್ಲಿದ್ದ ದಾಸ್ತಾನು ಒಂದೆರಡು ವರ್ಷ ಕಾಪಾಡುತ್ತದೆ, ಹೀಗಾಗಿ ಎಲ್ಲ ಸರಿಹೋಯಿತೆಂದು ಮಾತ್ರೆ ನಿಲ್ಲಿಸಿದ ಮೇಲೆಯೇ ಪೆಟ್ಟು ಬೀಳುತ್ತದೆ. ಚುಚ್ಚುಮದ್ದು ಕೊಟ್ಟ ಮೇಲೆ ಅವರು ಬಹುಮಟ್ಟಿಗೆ ಸುಧಾರಿಸಿದರು, ಆದರೆ ಎಡಪಾದದ ಜೋಮು ಪೂರ್ತಿ ಹೋಗಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವ ಇವು ಜೀವಮಾನವಿಡೀ ಬೇಕು, ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಬೇಕು. ರಕ್ತಹೀನತೆ ಮನೆಮಾತಾಗಿರುವ ನಮ್ಮ ಜಿಲ್ಲೆಯಲ್ಲಿ ಹೆಣ್ಣುಮಕ್ಕಳು ಇದನ್ನು ಉಪೇಕ್ಷಿಸಲೇಬಾರದು.

ಇನ್ನೆರಡು ಎಚ್ಚರಿಕೆಗಳು. ಶಸ್ತ್ರಚಿಕಿತ್ಸೆಯಾದವರಿಗೆ ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಊರಿನಲ್ಲಿ ಬರೀ ಗ್ಲೂಕೋಸ್ ಬಾಟಲಿ ಹಚ್ಚಿಸಿಕೊಂಡು ಸುಮ್ಮನಾಗಬಾರದು. ಬಿ1 ಜೀವಸತ್ವ ಬರಿದಾಗಿರುವಾಗ ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಕೊಟ್ಟರೆ ಮೆದುಳಿಗೇ ಹಾನಿಯಾದೀತು. "ನನಗೆ ಇಂಥ ಶಸ್ತ್ರಚಿಕಿತ್ಸೆಯಾಗಿದೆ" ಎಂದು ಯಾವ ವೈದ್ಯರಿಗಾದರೂ ಮೊದಲು ಹೇಳಬೇಕು. ಎರಡನೆಯದು ಮಾತ್ರೆಗಳದು. ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ಮಾತ್ರೆ ತಂದು ನುಂಗಿದರೆ ಹೊಸ ಜೋಡಣೆಯಲ್ಲಿ ಹುಣ್ಣಾಗುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್‌ಗಳನ್ನು ಹಳೆಯ ಅಳತೆಯಲ್ಲೇ ಮುಂದುವರಿಸಿದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು.

ಶ್ರೀಮಠದ ದಾಸೋಹ ಸಮಿತಿಯವರಲ್ಲಿ ನನ್ನದೊಂದು ಬಿನ್ನಹವಿದೆ. ಪಂಕ್ತಿಯ ಒಂದು ತುದಿಯಲ್ಲಿ ಚಿಕ್ಕ ಬಟ್ಟಲುಗಳನ್ನಿಡಿ. ಬಡಿಸುವ ಸೇವಾಕರ್ತರು "ಇನ್ನಷ್ಟು ಹಾಕಲಾ" ಎನ್ನುವ ಬದಲು "ಎಷ್ಟು ಹಾಕಲಿ" ಎಂದು ಕೇಳಲಿ. ಆ ಸಾಲಿನಲ್ಲಿ ಕುಳಿತವರನ್ನು ಅವಸರದಿಂದ ಎಬ್ಬಿಸದಿರಲಿ. ಇದರಿಂದ ಶಸ್ತ್ರಚಿಕಿತ್ಸೆಯಾದವರಿಗಷ್ಟೇ ಅಲ್ಲ, ಸಕ್ಕರೆ ಕಾಯಿಲೆಯವರಿಗೂ ಹಲ್ಲುದುರಿದ ವೃದ್ಧರಿಗೂ ಅನುಕೂಲ. ಆ ಶಿಕ್ಷಕಿಗೆ ನಾನು ಹೋದ ವಾರ ಈ ಮಾತು ಹೇಳಿದೆ. "ಬಟ್ಟಲು ಇಟ್ರ ಬರ್ತೀನ್ರೀ ಡಾಕ್ಟರ್ ಸಾಹೇಬ್ರ. ಇಡದಿದ್ರ ಮನಿಯಿಂದ ನಂದೇ ತರ್ತೀನಿ, ನೀವೊಂದು ಮಾತು ಹೇಳಿಡ್ರಿ" ಎಂದರು.